ಕಾನೂನು ಕಾಲೇಜಿನ ಲೈಬ್ರರಿ: ಕೊಡಗಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಕಾನೂನು ಓದುವ ಮಕ್ಕಳಿಗೆ ಪುಸ್ತಕ, ತೀರ್ಪು, ಕಾಯ್ದೆ ಹುಡುಕಿಕೊಡುವುದು ನನ್ನ ಕೆಲಸ. ಅವರೇ ಹುಡುಕುವ ಹಾಗೆ ಕಲಿಸುವುದು ಅದಕ್ಕಿಂತ ದೊಡ್ಡ ಕೆಲಸ. ಕೌಂಟರಿನಲ್ಲಿ, ಫೋನಿನಲ್ಲಿ, ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೂ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಕಷ್ಟದವು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಸಾಕು.

## ಈಗಷ್ಟೇ ಸೇರಿದವರಿಗೆ

ಲಾ ಕಾಲೇಜಿನ ಲೈಬ್ರರಿಯನ್ ಅಂದ್ರೆ ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು ಅಷ್ಟೇ ತಾನೇ?

ಅದು ದಿನದ ಸಣ್ಣ ಭಾಗ. ಬೆಳಿಗ್ಗೆ ಹೊಸ ಗೆಜೆಟ್, ಹೊಸ ತೀರ್ಪು ನೋಡಬೇಕು. ಯಾವ ಕಾಯ್ದೆಗೆ ತಿದ್ದುಪಡಿ ಬಂತು ಎಂದು ಮೇಷ್ಟ್ರುಗಳಿಗೆ ತಿಳಿಸಬೇಕು. ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ತಂಡದವರು ಬಂದರೆ ಅವರ ಜೊತೆ ಕೂತು ಪ್ರಶ್ನೆ ಬಿಡಿಸಬೇಕು. ಡೇಟಾಬೇಸ್ ಲಾಗಿನ್ ಕೆಲಸ ಮಾಡದಿದ್ದರೆ ಅದನ್ನೂ ನೋಡಬೇಕು. ಮೊದಲ ವರ್ಷದವರಿಗೆ ಹುಡುಕಾಟದ ಕ್ಲಾಸ್ ತೆಗೆದುಕೊಳ್ಳಬೇಕು.

ಬೇರೆ ಕಾಲೇಜಿನ ಲೈಬ್ರರಿಗೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದಿದೆ. ಕಾನೂನಿನ ಪುಸ್ತಕ ಬೇಗ ಹಳೆಯದಾಗುತ್ತದೆ, ಆದರೆ ಹಳೆಯದಾದ ಮೇಲೂ ಬೇಕಾಗುತ್ತದೆ. ಹತ್ತು ವರ್ಷದ ಹಿಂದೆ ಆದ ಜಮೀನು ಕ್ರಯಕ್ಕೆ ಆವತ್ತಿನ ಕಾನೂನೇ ಅನ್ವಯ. ಹಾಗಾಗಿ ಇವತ್ತಿನದ್ದೂ ಇರಬೇಕು, ಆವತ್ತಿನದ್ದೂ ಇರಬೇಕು, ಯಾವುದು ಯಾವಾಗಿನದ್ದು ಎಂದು ಗೊತ್ತೂ ಇರಬೇಕು.

ಮೇಡಂ, ನಾನು ಕನ್ನಡ ಮೀಡಿಯಂ. ನೂರು ಪುಟದ ಇಂಗ್ಲಿಷ್ ತೀರ್ಪು ನೋಡಿದ್ರೆ ತಲೆ ತಿರುಗುತ್ತೆ. ಎಲ್ಲಿಂದ ಓದಲಿ?

ಮೊದಲ ಪುಟದಿಂದ ಓದಬೇಡಿ. ಕೊನೆಗೆ ಹೋಗಿ. ಅಪೀಲು ಒಪ್ಪಿದರಾ, ತಳ್ಳಿದರಾ ಎಂದು ನೋಡಿ. ಆಮೇಲೆ ಮುಂದೆ ಬಂದು ನಡೆದ ಸಂಗತಿ ಏನು ಎಂದು ಓದಿ. ನಂತರ ಕೋರ್ಟ್ ಎತ್ತಿಕೊಂಡ ಪ್ರಶ್ನೆ ಯಾವುದು ಎಂದು ಹುಡುಕಿ. ಇಷ್ಟಾದ ಮೇಲೆ ಮಧ್ಯದ ಕಾರಣಗಳನ್ನು ಓದಿದರೆ ದಾರಿ ತಪ್ಪುವುದಿಲ್ಲ. ವಕೀಲರ ವಾದವನ್ನು ಕೋರ್ಟಿನ ಮಾತು ಎಂದುಕೊಳ್ಳುವುದು ಹೊಸಬರಲ್ಲಿ ತುಂಬ ಸಾಮಾನ್ಯ. ಪ್ರತಿ ಪ್ಯಾರಾ ಪಕ್ಕ ಪೆನ್ಸಿಲಿನಲ್ಲಿ "ವಾದ", "ಪ್ರತಿವಾದ", "ಕೋರ್ಟ್" ಎಂದು ಬರೆಯುತ್ತಾ ಹೋಗಿ.

ತೀರ್ಪಿನ ಮೇಲುಗಡೆ ಸಣ್ಣ ಅಕ್ಷರದಲ್ಲಿ ಬರುವ ಹೆಡ್‌ನೋಟ್ ತೀರ್ಪಿನ ಭಾಗ ಅಲ್ಲ. ಅದನ್ನು ಸಿದ್ಧ ಮಾಡುವುದು ವರದಿ ಪ್ರಕಟಿಸುವವರು. ದಾರಿ ಹುಡುಕಲು ಬಳಸಿ, ಬರಹದಲ್ಲಿ ಉಲ್ಲೇಖಿಸಬೇಡಿ.

ಸುಪ್ರೀಂ ಕೋರ್ಟ್ 2019ರಿಂದ ಕೆಲವು ತೀರ್ಪುಗಳನ್ನು ಕನ್ನಡಕ್ಕೂ ಅನುವಾದಿಸಿ ವೆಬ್‌ಸೈಟಿನಲ್ಲಿ ಹಾಕುತ್ತಿದೆ. ಕರ್ನಾಟಕದ ಕಾಯ್ದೆಗಳ ಕನ್ನಡ ರೂಪ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ವೆಬ್‌ಸೈಟಿನಲ್ಲಿದೆ. ಮೊದಲು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳಿ, ಆಮೇಲೆ ಇಂಗ್ಲಿಷ್ ಮೂಲ ತೆರೆಯಿರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಾಳೆ ಮಡಿಕೇರಿ, ವಿರಾಜಪೇಟೆ ಕೋರ್ಟಿನಲ್ಲಿ ಕಕ್ಷಿದಾರರ ಜೊತೆ ಮಾತಾಡುವಾಗ ಈ ಕನ್ನಡವೇ ನಿಮ್ಮ ಕೈ ಹಿಡಿಯುತ್ತದೆ.

ಬೇರ್ ಆಕ್ಟ್ ಸಾಕಾ, ಗೈಡ್ ಬೇಕಾ?

ಬೇರ್ ಆಕ್ಟ್ ಎಂದರೆ ಕಾಯ್ದೆಯ ಮೂಲಪಾಠ ಮಾತ್ರ ಇರುವ ಪುಸ್ತಕ. ಅದು ಮೊದಲು, ಗೈಡ್ ಆಮೇಲೆ. ಓದು ಮುಗಿಸಿ ಆಲ್ ಇಂಡಿಯಾ ಬಾರ್ ಎಕ್ಸಾಮ್ ಬರೆಯಲು ಹೋದಾಗ ಒಳಗೆ ಬಿಡುವುದು ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಂದನ್ನೇ. ಅದರಲ್ಲಿ ಸೆಕ್ಷನ್ ಹುಡುಕುವ ಅಭ್ಯಾಸ ಮೊದಲ ವರ್ಷದಿಂದಲೇ ಆಗಲಿ. ಕೊಳ್ಳುವಾಗ ಯಾವ ವರ್ಷದ ಮುದ್ರಣ ಎಂದು ನೋಡಲು ಮರೆಯಬೇಡಿ.

ಎಐಆರ್, ಎಸ್‌ಸಿಸಿ, ಐಎಲ್‌ಆರ್ ಅಂತ ನಂಬರ್ ಹಾಕ್ತಾರಲ್ಲ, ಅದನ್ನ ಓದೋದು ಹೇಗೆ?

ಅದು ತೀರ್ಪಿನ ವಿಳಾಸ. ನಮ್ಮ ಪಕ್ಕದ ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹೂಡಿದ ಕೇಶವಾನಂದ ಭಾರತಿ ಪ್ರಕರಣವನ್ನೇ ತೆಗೆದುಕೊಳ್ಳೋಣ. 13 ನ್ಯಾಯಾಧೀಶರು ಕೂತು 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಎಐಆರ್ 1973 ಎಸ್‌ಸಿ 1461 ಎಂದರೆ ಆಲ್ ಇಂಡಿಯಾ ರಿಪೋರ್ಟರ್, 1973ರ ಸಂಪುಟ, ಸುಪ್ರೀಂ ಕೋರ್ಟ್ ಭಾಗ, 1461ನೇ ಪುಟ. ಅದೇ ತೀರ್ಪು (1973) 4 ಎಸ್‌ಸಿಸಿ 225 ಕೂಡ ಹೌದು. ಅಂದರೆ ಸುಪ್ರೀಂ ಕೋರ್ಟ್ ಕೇಸಸ್, 1973ರ 4ನೇ ಸಂಪುಟ, 225ನೇ ಪುಟ. ತೀರ್ಪು ಒಂದೇ, ವಿಳಾಸ ಎರಡು. ಎರಡು ಬೇರೆ ಕೇಸ್ ಎಂದು ಬರೆದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿರುವುದು.

ಐಎಲ್‌ಆರ್ (ಇಂಡಿಯನ್ ಲಾ ರಿಪೋರ್ಟ್ಸ್) ಪಕ್ಕದಲ್ಲಿ ಕೆಎಆರ್ ಎಂದಿದ್ದರೆ ಅದು ಕರ್ನಾಟಕ ಹೈಕೋರ್ಟಿನ ಅಧಿಕೃತ ವರದಿ. 2023ರಿಂದ ನ್ಯೂಟ್ರಲ್ ಸೈಟೇಷನ್ ಬಂದಿದೆ. ಸುಪ್ರೀಂ ಕೋರ್ಟಿನದ್ದು 2023 ಐಎನ್‌ಎಸ್‌ಸಿ ಎಂದು ಶುರುವಾಗುತ್ತದೆ, ನಮ್ಮ ಹೈಕೋರ್ಟಿನದ್ದರಲ್ಲಿ ಕೆಎಚ್‌ಸಿ ಇರುತ್ತದೆ. ಈ ನಂಬರನ್ನು ಕೋರ್ಟೇ ಕೊಡುವುದರಿಂದ ದುಡ್ಡು ಕೊಟ್ಟು ಡೇಟಾಬೇಸ್ ತೆಗೆದುಕೊಳ್ಳದವರಿಗೂ ತೀರ್ಪು ಸಿಗುತ್ತದೆ. ಸಣ್ಣ ಊರಿನ ವಿದ್ಯಾರ್ಥಿಗೆ ಇದರಿಂದ ತುಂಬ ಅನುಕೂಲವಾಗಿದೆ.

ಎಲ್ಲಾ ಗೂಗಲ್‌ನಲ್ಲೇ ಸಿಗುತ್ತಲ್ಲ, ಲೈಬ್ರರಿಗೆ ಯಾಕೆ ಬರಬೇಕು?

ಸಿಗುತ್ತದೆ, ನಿಜ. ಆದರೆ ಗೂಗಲ್ ಮೊದಲು ತೋರಿಸುವ ಪುಟವೇ ಸರಿಯಾದದ್ದು ಎಂದೇನಿಲ್ಲ. ಆ ಪುಟ ಬರೆದವರು ಯಾರು, ತಿದ್ದುಪಡಿಗೆ ಮುಂಚೆ ಬರೆದದ್ದಾ ಆಮೇಲಾ ಎಂಬುದು ಅಲ್ಲಿ ಗೊತ್ತಾಗುವುದಿಲ್ಲ. ಮನೆಯಿಂದ ಹುಡುಕುವುದಾದರೆ ನೇರ ಮೂಲಕ್ಕೆ ಹೋಗಿ. ಕೇಂದ್ರದ ಕಾಯ್ದೆಗೆ ಇಂಡಿಯಾ ಕೋಡ್. ಸುಪ್ರೀಂ ಕೋರ್ಟ್ ತೀರ್ಪಿಗೆ 2023ರ ಜನವರಿಯಲ್ಲಿ ಶುರುವಾದ ಇ-ಎಸ್‌ಸಿಆರ್. ರಾಜ್ಯದ ಅಧಿಸೂಚನೆಗೆ ಇ-ರಾಜ್ಯಪತ್ರ. ತೀರ್ಪುಗಳ ಒಳಗೆ ಪದ ಹಾಕಿ ಹುಡುಕಲು ಇಂಡಿಯನ್ ಕಾನೂನ್. ನಾಲ್ಕೂ ಉಚಿತ.

ಲೈಬ್ರರಿಗೆ ಬರಬೇಕಾದ್ದು ಏನು ಹುಡುಕಬೇಕು ಎಂದೇ ಗೊತ್ತಾಗದಿದ್ದಾಗ. ಆವಾಗ ವ್ಯಾಖ್ಯಾನದ ಪುಸ್ತಕ ಬೇಕು, ಕೇಳಲು ಒಬ್ಬರು ಮನುಷ್ಯರು ಬೇಕು.

ಜೂನ್ ಬಂದ್ರೆ ನಮ್ಮೂರಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅಸೈನ್‌ಮೆಂಟ್ ಹೇಗೆ ಮಾಡೋದು?

ಭಾಗಮಂಡಲ, ಶಾಂತಳ್ಳಿ ಕಡೆಯ ಮಕ್ಕಳಿಗೆ ಇದು ಪ್ರತಿ ವರ್ಷದ ಗೋಳು. ಮೇ ತಿಂಗಳಲ್ಲೇ ಆ ಸೆಮಿಸ್ಟರಿನ ಬೇರ್ ಆಕ್ಟ್‌ಗಳನ್ನೂ ಸಿಲೆಬಸ್ಸಿನಲ್ಲಿರುವ ಮುಖ್ಯ ತೀರ್ಪುಗಳನ್ನೂ ಪಿಡಿಎಫ್ ಮಾಡಿ ಫೋನಿಗೆ ಹಾಕಿಕೊಳ್ಳಿ. ಪೆನ್‌ಡ್ರೈವ್ ತಂದರೆ ನಾನೇ ಹಾಕಿಕೊಡುತ್ತೇನೆ. ಫೈಲಿನ ಹೆಸರಲ್ಲಿ ವರ್ಷ ಮತ್ತು ಕೇಸಿನ ಹೆಸರು ಇರಲಿ. "ಡೌನ್‌ಲೋಡ್ 17" ಎಂದಿದ್ದರೆ ಆಗಸ್ಟಿನಲ್ಲಿ ಹುಡುಕಲು ಆಗುವುದಿಲ್ಲ. ದಾರಿ ಬಂದ್ ಆಗಿ ಪುಸ್ತಕ ತಡವಾದರೆ ಒಂದು ಮೆಸೇಜ್ ಹಾಕಿ, ದಂಡದ ಚಿಂತೆ ಬೇಡ.

## ಮೂಟ್, ಪ್ರಾಜೆಕ್ಟ್ ಮಾಡುವವರಿಗೆ

ಮೂಟ್ ಪ್ರಾಬ್ಲಂ ಕೈಗೆ ಬಂತು. ಮೊದಲು ಯಾವ ಕೇಸ್ ಹುಡುಕಲಿ?

ಮೊದಲು ಯಾವ ಕೇಸೂ ಹುಡುಕಬೇಡಿ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಮೂರು ಮೂಟ್, ಒಂದೊಂದಕ್ಕೆ 10 ಅಂಕ. ಆ ಹತ್ತರ ಆಸೆಗೆ ಮೊದಲ ದಿನವೇ ಇಪ್ಪತ್ತು ತೀರ್ಪು ಪ್ರಿಂಟ್ ತೆಗೆಸಿ ಓದದೆ ಇಡುವವರು ಜಾಸ್ತಿ.

ಒಂದು ಹಾಳೆಯಲ್ಲಿ ಸಂಗತಿಗಳನ್ನು ದಿನಾಂಕದ ಸಾಲಾಗಿ ಬರೆಯಿರಿ. ಯಾವ ದಿನ ಏನಾಯಿತು, ಆ ದಿನ ಯಾವ ಕಾನೂನು ಜಾರಿಯಲ್ಲಿತ್ತು. ಇನ್ನೊಂದು ಹಾಳೆಯಲ್ಲಿ ತಕರಾರು ಏನು ಎಂದು ನಿಮ್ಮ ಮಾತಿನಲ್ಲಿ ಬರೆಯಿರಿ. ಆಮೇಲೆ ಕಾಯ್ದೆ ತೆಗೆಯಿರಿ. ಸೆಕ್ಷನ್ ಒಂದನ್ನೇ ಓದಿದರೆ ಸಾಲದು. ವ್ಯಾಖ್ಯೆಗಳ ಸೆಕ್ಷನ್, ವಿನಾಯಿತಿ, ಪರಂತುಕ (ಪ್ರೊವೈಸೊ), ಇಷ್ಟನ್ನೂ ಓದಿ. ಮೂರನೆಯದು ವ್ಯಾಖ್ಯಾನದ ಪುಸ್ತಕ. ಅಲ್ಲಿ ಅಡಿಟಿಪ್ಪಣಿಯಲ್ಲಿ ಮುಖ್ಯ ತೀರ್ಪುಗಳ ಪಟ್ಟಿ ಸಿಗುತ್ತದೆ. ಡೇಟಾಬೇಸ್ ತೆರೆಯಬೇಕಾದ್ದು ಆಮೇಲೆ.

ಹುಡುಕುವಾಗ ಒಂದೇ ಪದಕ್ಕೆ ಜೋತು ಬೀಳಬೇಡಿ. ನೀವು "ಬಾಡಿಗೆದಾರ" ಎಂದು ಹುಡುಕುತ್ತಿದ್ದರೆ ತೀರ್ಪಿನಲ್ಲಿ "ಗೇಣಿದಾರ" ಎಂದೋ "ಸ್ವಾಧೀನದಲ್ಲಿರುವವ" ಎಂದೋ ಇರಬಹುದು. ಹಾಕಿದ ಪದ, ಸಿಕ್ಕ ಫಲ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಮರುದಿನ ಅದೇ ಹುಡುಕಾಟ ಇನ್ನೊಮ್ಮೆ ಮಾಡುವ ಕಷ್ಟ ತಪ್ಪುತ್ತದೆ. ತಂಡದಲ್ಲಿ ಇಬ್ಬರು ಒಂದೇ ಕೆಲಸ ಮಾಡುವುದೂ ತಪ್ಪುತ್ತದೆ.

ನಿಮ್ಮ ವಿರುದ್ಧ ಇರುವ ತೀರ್ಪನ್ನೂ ಹುಡುಕಿ. ಜಡ್ಜ್ ಕೇಳುವುದು ಅದನ್ನೇ. ಅದನ್ನು ಬಚ್ಚಿಟ್ಟು ಹೋದವರಿಗಿಂತ, "ಆ ಪ್ರಕರಣದ ಸಂಗತಿ ಬೇರೆ" ಎಂದು ಪ್ಯಾರಾ ನಂಬರ್ ಸಮೇತ ತೋರಿಸಿದವರಿಗೆ ಒಳ್ಳೆಯ ಅಂಕ ಬರುವುದನ್ನು ವರ್ಷ ವರ್ಷವೂ ನೋಡುತ್ತೇನೆ.

482 ಅಂತ ಹುಡುಕಿದ್ರೆ ಒಂದು ಕಡೆ ನಿರೀಕ್ಷಣಾ ಜಾಮೀನು, ಇನ್ನೊಂದು ಕಡೆ ಕೇಸ್ ರದ್ದು ಅಂತ ಬರುತ್ತೆ. ಯಾವುದು ಸರಿ?

ಎರಡೂ ಸರಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 482 ಹೈಕೋರ್ಟಿನ ಅಂತರ್ಗತ ಅಧಿಕಾರ, ಕೇಸ್ ರದ್ದು ಮಾಡಿಸಲು ಹೋಗುತ್ತಿದ್ದ ಸೆಕ್ಷನ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ಅಧಿಕಾರ 528ಕ್ಕೆ ಹೋಗಿದೆ. ಅಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು, ಹಳೆಯದರಲ್ಲಿ ಅದು 438 ಆಗಿತ್ತು.

ಇಂಥವು ಇನ್ನೂ ಇವೆ. ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 302 ಕೊಲೆಗೆ ಶಿಕ್ಷೆ. ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಯ ಶಿಕ್ಷೆ 103ರಲ್ಲಿದೆ, 302 ಇರುವುದು ಧಾರ್ಮಿಕ ಭಾವನೆ ನೋಯಿಸುವ ಮಾತಿನ ಬಗ್ಗೆ. ಬಾಯಲ್ಲಿ ಕೂತುಹೋದ ವಂಚನೆಯ 420 ಈಗ 318(4). ಐಪಿಸಿಯ 511 ಸೆಕ್ಷನ್ ಹೊಸದರಲ್ಲಿ 358 ಆಗಿವೆ. ಹಾಗಾಗಿ ನಂಬರ್ ಮಾತ್ರ ಹಾಕಿ ಹುಡುಕಬೇಡಿ, ಕಾಯ್ದೆಯ ಹೆಸರೂ ಇರಲಿ.

ಯಾವುದು ಅನ್ವಯ ಎಂಬುದಕ್ಕೆ ಮತ್ತೆ ದಿನಾಂಕವೇ ಬೇಕು. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ. ನಡೆದ ದಿನ ಇಲ್ಲದ ಕಾನೂನಿನಲ್ಲಿ ಶಿಕ್ಷೆ ಕೊಡುವಂತಿಲ್ಲ ಎಂದು ಸಂವಿಧಾನದ 20(1)ನೇ ವಿಧಿ ಹೇಳುತ್ತದೆ. ಆ ದಿನ ಬಾಕಿ ಇದ್ದ ವಿಚಾರಣೆ, ಅಪೀಲು ಹಳೆಯ ಸಂಹಿತೆಯಂತೆಯೇ ನಡೆಯುತ್ತವೆ, ಅದು ಹೊಸ ಸಂಹಿತೆಯ 531ರಲ್ಲಿದೆ. ಅಪರಾಧ ನಡೆದ ದಿನ, ಎಫ್‌ಐಆರ್ ಆದ ದಿನ, ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ಸಿಕ್ಕಿದ ತೀರ್ಪು ಈಗಲೂ ನಡೆಯುತ್ತಾ ಅಂತ ಹೇಗೆ ಗೊತ್ತಾಗುತ್ತೆ?

ಆಮೇಲೆ ಬಂದ ತೀರ್ಪುಗಳು ಅದರ ಬಗ್ಗೆ ಏನು ಹೇಳಿವೆ ಎಂದು ನೋಡಬೇಕು. ಇಂಡಿಯನ್ ಕಾನೂನ್‌ನಲ್ಲಿ ಈ ತೀರ್ಪನ್ನು ಉಲ್ಲೇಖಿಸಿದವುಗಳ ಪಟ್ಟಿ ಇರುತ್ತದೆ. ಹಣ ಕೊಟ್ಟು ತೆಗೆದುಕೊಳ್ಳುವ ಡೇಟಾಬೇಸುಗಳಲ್ಲಿ ಗುರುತೇ ಹಾಕಿರುತ್ತಾರೆ. ಗುರುತು ನೋಡಿ ಸುಮ್ನೆ ಬಿಡಬೇಡಿ, ಯಾವ ಪ್ಯಾರಾದಲ್ಲಿ ಏನೆಂದರು ಎಂದು ಓದಿ. ಒಂದು ಅಂಶ ಮಾತ್ರ ಬಿದ್ದು, ಉಳಿದದ್ದು ನಿಂತಿರಬಹುದು.

ಕ್ಲಾಸಿನಲ್ಲಿ ನಾನು ಕೊಡುವುದು ತುರ್ತು ಪರಿಸ್ಥಿತಿಯ ಎಡಿಎಂ ಜಬಲ್ಪುರ ಪ್ರಕರಣ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಬಿಡುಗಡೆಗೆ ಕೋರ್ಟಿಗೆ ಹೋಗುವಂತಿಲ್ಲ ಎಂದ 1976ರ ತೀರ್ಪು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿ ಅರ್ಜಿದಾರರಾಗಿದ್ದ ಖಾಸಗಿತನದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಾಧೀಶರ ಪೀಠ ಅದನ್ನು ತಳ್ಳಿಹಾಕಿತು. ಅದೇ ದಿನ ಎಂಟು ನ್ಯಾಯಾಧೀಶರ ಎಂ.ಪಿ. ಶರ್ಮಾ, ಆರು ನ್ಯಾಯಾಧೀಶರ ಖರಕ್ ಸಿಂಗ್ ತೀರ್ಪುಗಳಲ್ಲಿ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿದ್ದ ಭಾಗವೂ ಬಿತ್ತು. ಒಂಬತ್ತು ಜನ ಯಾಕೆ ಕೂರಬೇಕಾಯಿತು ಎಂಬುದು ಇಲ್ಲೇ ತಿಳಿಯುತ್ತದೆ: ಎಂಟು ಜನರ ತೀರ್ಪನ್ನು ಬೀಳಿಸಲು ಅದಕ್ಕಿಂತ ದೊಡ್ಡ ಪೀಠ ಬೇಕು. ಪೀಠ ಎಷ್ಟು ದೊಡ್ಡದು ಎಂದು ಪ್ರತಿ ತೀರ್ಪಿನ ಪಕ್ಕ ಬರೆದುಕೊಳ್ಳಿ.

ಹೈಕೋರ್ಟ್ ತೀರ್ಪಾದರೆ ಅದರ ಮೇಲೆ ಸುಪ್ರೀಂ ಕೋರ್ಟಿಗೆ ಅಪೀಲು ಹೋಗಿದೆಯಾ, ತಡೆ ಇದೆಯಾ ಎಂದು ನೋಡಿ. ತೀರ್ಪಿನ ನಂತರ ಕಾಯ್ದೆಯೇ ಬದಲಾಗಿದೆಯಾ ಎಂದೂ ನೋಡಿ. ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ.

ಚಾಟ್‌ಜಿಪಿಟಿ ಕೊಟ್ಟ ಕೇಸ್ ಹಾಕಬಹುದಾ?

ಮೂಲ ತೀರ್ಪನ್ನು ತೆರೆದು ಓದಿದ ಮೇಲೆ ಹಾಕಿ. ಸಿಗದಿದ್ದರೆ ಬಿಡಿ. ಅದು ಇಲ್ಲದ ಕೇಸಿಗೂ ಹೆಸರು, ವರ್ಷ, ಪುಟ ಎಲ್ಲ ಕೊಡುತ್ತದೆ, ಓದಿದರೆ ಅನುಮಾನವೇ ಬರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ಮಾಟಾ ಪ್ರಕರಣದಲ್ಲಿ ಹೀಗೆ ಸಿಕ್ಕ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ವಿಷಯ ಅರ್ಥವಾಗದಾಗ ಸರಳವಾಗಿ ವಿವರಿಸು ಎಂದು ಕೇಳಲು, ಹುಡುಕುವ ಪದಗಳಿಗೆ ಪರ್ಯಾಯ ಕೇಳಲು ಬಳಸಿದರೆ ನನ್ನ ಅಡ್ಡಿ ಇಲ್ಲ. ಉಲ್ಲೇಖದ ಜವಾಬ್ದಾರಿ ಮಾತ್ರ ನಿಮ್ಮದೇ.

## ಕೊಡಗಿನದೇ ಪ್ರಶ್ನೆಗಳು

ಜಮ್ಮಾ ಬಾಣೆ ಮೇಲೆ ಪ್ರಾಜೆಕ್ಟ್ ಮಾಡ್ಬೇಕು ಅಂತಿದ್ದೀನಿ. ಎಲ್ಲಿ ಹುಡುಕಿದ್ರೂ ಅದೇ ನಾಲ್ಕು ಸಾಲು ಬರುತ್ತೆ. ಏನ್ಮಾಡ್ಲಿ?

ಒಳ್ಳೆಯ ವಿಷಯ ಆರಿಸಿಕೊಂಡಿದ್ದೀರಿ. ಹೊಸಬರಿಗಾಗಿ ಹೇಳುವುದಾದರೆ, ಜಮ್ಮಾ ಎಂದರೆ ಕೊಡಗಿನ ವಂಶಪಾರಂಪರ್ಯದ ಭೂಹಿಡುವಳಿ, ಬಾಣೆ ಎಂದರೆ ಗದ್ದೆಯ ಜೊತೆಗೆ ಸೇರಿದ ಮರಗಾಡಿನ ಜಾಗ. ಕೊಡಗಿನ ವಿದ್ಯಾರ್ಥಿ ಕಾನೂನು ಸಂಶೋಧನೆ ಕಲಿಯಲು ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ ಎಂದೇ ನಾನು ನಂಬಿದ್ದೇನೆ. ಮೊದಲ ಹುಡುಕಾಟಕ್ಕೆ ಉತ್ತರ ಸಿಗದ ವಿಷಯವೇ ಹುಡುಕುವುದನ್ನು ಕಲಿಸುವುದು.

ದಿನಾಂಕಗಳಿಂದ ಶುರು ಮಾಡಿ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1899ರಲ್ಲಿ ಕೂರ್ಗ್ ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ ಬಂತು. ಸ್ವಾತಂತ್ರ್ಯದ ನಂತರ ಕೊಡಗು ಬೇರೆಯೇ ರಾಜ್ಯವಾಗಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಸೇರಿದ ಕೂಡಲೇ ಹಳೆಯ ಕಾನೂನು ಹೋಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಸೆಕ್ಷನ್ ಪ್ರಕಾರ, ಬದಲಾಯಿಸುವವರೆಗೆ ಆಯಾ ಪ್ರದೇಶದ ಕಾನೂನು ಅಲ್ಲಲ್ಲಿಯೇ ಮುಂದುವರಿಯಿತು. 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂತು, ಆ ವರ್ಷದ 12ನೇ ಕಾಯ್ದೆ. ಅದರ 79(2) ತೆರೆದು ನೋಡಿ. ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಹಾಡಿ ಎಂಬ ಜಮೀನುಗಳ ಜೊತೆಗೆ ಕೊಡಗಿನ ಜಮ್ಮಾ, ಬಾಣೆಯ ಸವಲತ್ತುಗಳು ಮುಂದುವರಿಯುತ್ತವೆ ಎಂದಿದೆ.

ಇನ್ನು ಹುಡುಕುವ ಪದ. 1973ರ ನವೆಂಬರ್‌ಗೆ ಮುಂಚೆ ನಮ್ಮ ರಾಜ್ಯದ ಹೆಸರು ಮೈಸೂರು. ಆ ಕಾಲದ ವರದಿಗಳಲ್ಲಿ ಇದೇ ಕಾಯ್ದೆ "ಮೈಸೂರು ಭೂಕಂದಾಯ ಕಾಯ್ದೆ" ಆಗಿರುತ್ತದೆ. ಜಿಲ್ಲೆಯ ಹೆಸರು ಕೂರ್ಗ್ ಎಂದಿರುತ್ತದೆ. ಜಮ್ಮಾ, ಬಾಣೆ ಪದಗಳ ಇಂಗ್ಲಿಷ್ ಕಾಗುಣಿತವೂ ಒಬ್ಬೊಬ್ಬರದು ಒಂದೊಂದು ಥರ. ಎಲ್ಲ ರೂಪಗಳನ್ನೂ ಹಾಕಿ ಹುಡುಕಿ. "ಕರ್ನಾಟಕ, ಕೊಡಗು" ಎಂದು ಮಾತ್ರ ಹಾಕಿದ್ದಕ್ಕೇ ನಿಮಗೆ ಅದೇ ನಾಲ್ಕು ಸಾಲು ಸಿಕ್ಕಿದ್ದು.

ವಿಷಯವನ್ನು ಮೂರಾಗಿ ಬಿಡಿಸಿಕೊಳ್ಳಿ. ಸರ್ಕಾರದ ಎದುರು ಹಿಡುವಳಿದಾರನ ಹಕ್ಕು ಏನು ಎಂಬುದು ಒಂದು. ಇದಕ್ಕೆ ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠದ ಚೆಕ್ಕೇರ ಪೂವಯ್ಯ ಪ್ರಕರಣ ಓದಲೇಬೇಕು. ಬಾಣೆಯಲ್ಲಿರುವ ಮರ ಯಾರದ್ದು ಎಂಬುದು ಇನ್ನೊಂದು. ದಾಖಲೆಯಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಎಂಬ ಮಾತು ಬರುತ್ತದೆ, ಅದು ಮರದ ಹಕ್ಕಿಗೆ ಸಂಬಂಧಿಸಿದ್ದು, ಅರಣ್ಯ ಕಾನೂನಿನ ಕಡೆ ಹುಡುಕಬೇಕು. ಒಕ್ಕದ (ಒಂದೇ ಮೂಲದ ಕೊಡವ ಕುಟುಂಬದ) ಒಳಗೆ ಯಾರಿಗೆ ಏನು ಪಾಲು, ಅದರ ಹಿರಿಯನಾದ ಪಟ್ಟೇದಾರನ ಸ್ಥಾನ ಏನು, ಹೆಣ್ಣುಮಕ್ಕಳ ಹಕ್ಕು ಏನು ಎಂಬುದು ಮೂರನೆಯದು. ಅಲ್ಲಿ ರೂಢಿ ಬರುತ್ತದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮತ್ತು ಅದರ 2005ರ ತಿದ್ದುಪಡಿ ಬರುತ್ತದೆ. ಮೂರನ್ನೂ ಕಲಸಿದರೆ ಪ್ರಾಜೆಕ್ಟ್ ಎಲ್ಲಿಗೂ ಮುಟ್ಟುವುದಿಲ್ಲ. ಒಂದನ್ನು ಆರಿಸಿ.

ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಹಳೆಯ ಪಟ್ಟೆ, ಕಾಗದ ಇರಬಹುದು. ನೋಡುವ ಮುಂಚೆ ಹಿರಿಯರ ಒಪ್ಪಿಗೆ ಪಡೆಯಿರಿ. ಒಕ್ಕದ ಹೆಸರು, ಸರ್ವೆ ನಂಬರ್ ಪ್ರಾಜೆಕ್ಟಿನಲ್ಲಿ ಅಚ್ಚು ಹಾಕಬೇಡಿ. ನಿಮ್ಮ ಅಂಕಕ್ಕಾಗಿ ಯಾರ ಮನೆಯಲ್ಲೂ ಜಗಳ ಹುಟ್ಟಬಾರದು.

ಕೋವಿಗೆ ಲೈಸೆನ್ಸ್ ಬೇಡ ಅಂತ ಆರ್ಮ್ಸ್ ಆಕ್ಟ್‌ನಲ್ಲಿ ಎಲ್ಲಿದೆ? ಇಡೀ ಆಕ್ಟ್ ಓದಿದ್ರೂ ಕೊಡಗು ಅನ್ನೋ ಪದನೇ ಸಿಗಲಿಲ್ಲ.

ಅದು ಕಾಯ್ದೆಯಲ್ಲಿಲ್ಲ, ಅಧಿಸೂಚನೆಯಲ್ಲಿದೆ. 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆ ಅಧಿಕಾರ ಬಳಸಿ ಕೊಡವ ಜನಾಂಗದವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಕೊಡಲಾಗಿದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದರು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಯಾವ ಕೋವಿ, ಎಷ್ಟು, ಯಾವ ಷರತ್ತು ಎಂಬುದಕ್ಕೆ ಅಧಿಸೂಚನೆಯ ಮಾತನ್ನೇ ಓದಬೇಕು. ಕಾಯ್ದೆ ಮುಗಿದ ಕಡೆ ನಿಯಮ, ಅಧಿಸೂಚನೆ, ಆದೇಶ ಶುರುವಾಗುತ್ತವೆ ಎಂದು ನೆನಪಿರಲಿ.

ನಾನು ಸ್ಟೂಡೆಂಟ್ ಅಲ್ಲ. ತೋಟದ ಬೇಲಿ ವಿಷಯದಲ್ಲಿ ಪಕ್ಕದವರ ಜೊತೆ ತಕರಾರಿದೆ. ಯಾವ ಸೆಕ್ಷನ್ ಹಾಕ್ಬೇಕು ಅಂತ ಹೇಳ್ತೀರಾ?

ಸೆಕ್ಷನ್ ತೋರಿಸಬಲ್ಲೆ. ಅದು ನಿಮ್ಮ ಕೇಸಿಗೆ ಹೊಂದುತ್ತದಾ, ಗೆಲ್ಲುತ್ತೀರಾ ಎಂದು ಹೇಳುವ ಹಕ್ಕು ನನಗಿಲ್ಲ. ನಿಮ್ಮ ಕಾಗದ ನೋಡದೆ, ಎದುರಿನವರ ಮಾತು ಕೇಳದೆ ಹೇಳಿದ ಸಲಹೆ ನಿಮ್ಮ ತೋಟಕ್ಕೇ ಕುತ್ತು ತರಬಹುದು. ಅದು ವಕೀಲರ ಕೆಲಸ.

ವಕೀಲರಿಗೆ ಕೊಡಲು ಹಣ ಇಲ್ಲ ಎನ್ನುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಇದೆ. ಅದರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಉಚಿತ ನೆರವಿಗೆ ಅರ್ಹರು. ದೊಡ್ಡ ಅನಾಹುತ, ಪ್ರವಾಹದಲ್ಲಿ ಸಿಕ್ಕವರೂ ಆ ಪಟ್ಟಿಯಲ್ಲಿದ್ದಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡ ಎಷ್ಟೋ ಜನರಿಗೆ ಇದು ಗೊತ್ತೇ ಇರಲಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಇರುವವರಿಗೂ ದಯವಿಟ್ಟು ತಿಳಿಸಿ.

## ಈ ಕೆಲಸಕ್ಕೆ ಬರುವವರಿಗೆ, ಈಗಾಗಲೇ ಇರುವವರಿಗೆ

ನಮ್ಮ ಮಗಳು ಲೈಬ್ರರಿ ಸೈನ್ಸ್ ಓದ್ತೀನಿ ಅಂತಾಳೆ. ಕೆಲಸ ಸಿಗುತ್ತಾ? ಸಂಬಳ ಹೇಗೆ?

ಡಿಗ್ರಿ ಆದ ಮೇಲೆ ಎಂ.ಲಿಬ್ (ಲೈಬ್ರರಿ ಸೈನ್ಸ್‌ನ ಸ್ನಾತಕೋತ್ತರ ಪದವಿ) ಮಾಡಬೇಕು. ಮೈಸೂರು ವಿಶ್ವವಿದ್ಯಾಲಯ, ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ ಎರಡೂ ನಮಗೆ ಹತ್ತಿರ. ಮನೆಯಿಂದಲೇ ಓದುವುದಾದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೂ ಇದೆ. ಯುಜಿಸಿಯ 2018ರ ನಿಯಮದಂತೆ ಕಾಲೇಜು ಲೈಬ್ರರಿಯನ್ ಆಗಲು ಎಂ.ಲಿಬ್‌ನಲ್ಲಿ ಶೇ. 55 ಅಂಕ ಮತ್ತು ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಯುಜಿಸಿ ವೇತನ ಸಿಕ್ಕರೆ ಮೂಲ ವೇತನ 57,700 ರೂಪಾಯಿಯಿಂದ ಶುರು. ಅನುದಾನ ಇಲ್ಲದ ಕಾಲೇಜುಗಳಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ, ಸುಳ್ಳು ಆಸೆ ಕೊಡಲು ನನಗೆ ಇಷ್ಟವಿಲ್ಲ. ಕಾಯಂ ಹುದ್ದೆಗಳು ಕಡಿಮೆ. ಬೆಂಗಳೂರಿನ ಕೋರ್ಟ್, ದೊಡ್ಡ ಲಾ ಫರ್ಮ್, ವಿಶ್ವವಿದ್ಯಾಲಯಗಳಲ್ಲಿ ಕಾನೂನು ಡೇಟಾಬೇಸ್ ಬಲ್ಲವರಿಗೆ ಬೇಡಿಕೆ ಇದೆ. ನೆಟ್ ಪಾಸು ಮಾಡಿಕೊಂಡೇ ಹೊರಡಲಿ.

ಲೈಬ್ರರಿಯನ್ ಆಗೋಕೆ ಎಲ್‌ಎಲ್‌ಬಿನೂ ಬೇಕಾ?

ಕಡ್ಡಾಯ ಇಲ್ಲ. ಇದ್ದರೆ ವಿದ್ಯಾರ್ಥಿ ಕೇಳುವ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಇಲ್ಲದಿದ್ದರೆ ಮೊದಲ ಎರಡು ವರ್ಷ ಮೇಷ್ಟ್ರ ಕ್ಲಾಸುಗಳಲ್ಲಿ ಹಿಂದೆ ಕೂತು ಕೇಳಿ.

ರಿಸರ್ಚ್ ಕ್ಲಾಸ್ ಅಂದ್ರೆ ಹುಡುಗರು ನಿದ್ದೆ ಹೊಡೀತಾರೆ. ನೀವು ಹೇಗೆ ಮಾಡ್ತೀರಿ?

ಸ್ಲೈಡ್ ಹಾಕಿ ವೆಬ್‌ಸೈಟುಗಳ ಪಟ್ಟಿ ಓದಿದರೆ ಯಾರೇ ಆದರೂ ನಿದ್ದೆ ಮಾಡುತ್ತಾರೆ. ಮೊದಲು ಪ್ರಶ್ನೆ ಕೊಡಿ. ನಾನು ಕೊಡುವ ಒಂದು ಪ್ರಶ್ನೆ ಹೀಗಿದೆ: "ಸಿದ್ದಾಪುರದ ಹತ್ತಿರ ಆನೆ ಬಂದು ಕಾಫಿ ಗಿಡ ಮುರಿದಿದೆ. ಪರಿಹಾರ ಎಷ್ಟು? ಎಲ್ಲಿ ಬರೆದಿದೆ?" ಎಲ್ಲರ ಮನೆಯ ಸುದ್ದಿ, ಹಾಗಾಗಿ ಎಲ್ಲರೂ ಎದ್ದು ಕೂರುತ್ತಾರೆ.

ಇಬ್ಬಿಬ್ಬರಾಗಿ ಹುಡುಕುತ್ತಾರೆ. ಮೊದಲು ಓಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ. ಆನೆ ಅನುಸೂಚಿ ಒಂದರಲ್ಲಿ ಸಿಗುತ್ತದೆ. ವನ್ಯಪ್ರಾಣಿ ಸರ್ಕಾರದ ಸ್ವತ್ತು ಎಂಬ 39ನೇ ಸೆಕ್ಷನ್ ಸಿಗುತ್ತದೆ. ಗಿಡಕ್ಕೆ ಇಷ್ಟು ರೂಪಾಯಿ ಎಂಬುದು ಮಾತ್ರ ಸಿಗುವುದಿಲ್ಲ. ಒಂದಷ್ಟು ಹೊತ್ತು ಒದ್ದಾಡಲು ಬಿಡುತ್ತೇನೆ. ಆಮೇಲೆ ಯಾರಾದರೂ ಒಬ್ಬರು "ಇದು ಸರ್ಕಾರಿ ಆದೇಶದಲ್ಲಿ ಇರಬೇಕು" ಎನ್ನುತ್ತಾರೆ. ಅಲ್ಲಿಂದ ಕ್ಲಾಸ್ ತಾನೇ ನಡೆಯುತ್ತದೆ. ಆದೇಶ ಹುಡುಕುತ್ತಾರೆ, ಅದು ಪರಿಷ್ಕೃತವಾಗಿದೆ ಎಂದು ಕಾಣುತ್ತದೆ, ಯಾವುದು ಕೊನೆಯದು ಎಂಬ ಪ್ರಶ್ನೆ ಏಳುತ್ತದೆ. ಕಾಯ್ದೆ, ನಿಯಮ, ಆದೇಶ ಈ ಮೂರರ ವ್ಯತ್ಯಾಸವನ್ನು ನಾನು ಹೇಳಬೇಕಾಗಿಯೇ ಬರುವುದಿಲ್ಲ.

ಅಂಕ ಕೊಡುವಾಗ ಉತ್ತರಕ್ಕೆ ಅರ್ಧ, ಹುಡುಕಿದ ದಾರಿ ಬರೆದದ್ದಕ್ಕೆ ಅರ್ಧ ಕೊಡಿ. ಒಬ್ಬರದ್ದು ನೋಡಿ ಬರೆಯುವುದು ತಾನಾಗಿ ಕಡಿಮೆಯಾಗುತ್ತದೆ. ಇನ್ನೊಂದು ಮಾತು: ಈ ಕ್ಲಾಸನ್ನು ಜೂನ್ ಮೊದಲ ವಾರ ಒಂದೇ ಸಲ ಮುಗಿಸಬೇಡಿ. ಮೂಟ್ ಶುರುವಾಗುವ ವಾರ, ಪ್ರಾಜೆಕ್ಟ್ ಕೊಡುವ ವಾರ ಹೀಗೆ ಬೇಕಾದಾಗ ಸ್ವಲ್ಪ ಸ್ವಲ್ಪ ಹೇಳಿ. ಸುಗ್ಗಿಹಬ್ಬ ಹುತ್ತರಿ ಮುಗಿದು ಕಾಫಿ ಕೊಯ್ಲು ಶುರುವಾದರೆ ಎಷ್ಟೋ ಮಕ್ಕಳು ಮನೆಯಲ್ಲಿ ಬೇಕಾಗುತ್ತಾರೆ, ಆ ದಿನಗಳನ್ನು ಬಿಟ್ಟು ಇಟ್ಟುಕೊಳ್ಳಿ.

ಇರೋ ಬಜೆಟ್ ಚಿಕ್ಕದು. ಡೇಟಾಬೇಸ್ ತರಿಸೋದಾ, ಪುಸ್ತಕ ತರಿಸೋದಾ?

ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮ ಕೇಳುವ ಪಟ್ಟಿ ಮೊದಲು. ಕೇಂದ್ರ, ರಾಜ್ಯ ಕಾಯ್ದೆಗಳು, ಎಸ್‌ಸಿಸಿ, ಕ್ರಿಮಿನಲ್ ಲಾ ಜರ್ನಲ್ ಇಂಥವು, ಜರ್ನಲುಗಳ ಹತ್ತು ವರ್ಷದ ಹಿಂದಿನ ಸಂಪುಟಗಳ ಸಮೇತ. ಅದರ ಮೇಲೆ ಹಣ ಉಳಿದರೆ ಒಂದೇ ಒಂದು ಡೇಟಾಬೇಸ್ ತೆಗೆದುಕೊಳ್ಳಿ, ಮನೆಯಿಂದಲೂ ಲಾಗಿನ್ ಆಗುವಂಥದ್ದು. ಕಾಲೇಜಿನ ಒಳಗೆ ಮಾತ್ರ ನಡೆಯುವುದು ನಮ್ಮ ಮಕ್ಕಳಿಗೆ ಉಪಯೋಗಕ್ಕೆ ಬರುವುದಿಲ್ಲ, ಸಂಜೆ ಬಸ್ಸಿಗೆ ಓಡುವವರೇ ಎಲ್ಲ. ಬಿಡಿ ತೀರ್ಪುಗಳಿಗೆ ಉಚಿತ ಮೂಲಗಳೇ ಸಾಕು. ಲೈಬ್ರರಿ ಸಾಫ್ಟ್‌ವೇರ್‌ಗೆ ಹಣ ಹಾಕಬೇಡಿ, ಕೋಹಾ ಉಚಿತ. ಉಳಿಸಿದ ದುಡ್ಡು ಒಳ್ಳೆಯ ವ್ಯಾಖ್ಯಾನದ ಪುಸ್ತಕಗಳಿಗೆ ಹೋಗಲಿ, ಒಂದೊಂದಕ್ಕೂ ಹೆಚ್ಚಿನ ಪ್ರತಿ ಇರಲಿ.

ಮಳೆಗಾಲ ಮುಗಿಯೋಷ್ಟರಲ್ಲಿ ಹಳೇ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದಿರುತ್ತೆ. ರದ್ದಾದ ಕಾಯ್ದೆಗಳದ್ದಾದ್ರೂ ಎಸೆಯಬಹುದಾ?

ಎಸೆಯುವ ಮುಂಚೆ ಎರಡು ವಿಷಯ ನೋಡಿ. ಬೇರೆಲ್ಲೂ ಸಿಗದ್ದಾ? ಯಾವ ಕಾಲದ ಹಕ್ಕಿಗೆ ಅದು ಆಧಾರ? ಗೈಡುಗಳ ಹಳೆಯ ಮುದ್ರಣ ಹೋಗಲಿ. ಕೊಡಗು ಬೇರೆ ರಾಜ್ಯವಾಗಿದ್ದಾಗಿನ ಕಾಯ್ದೆ, ರೆಗ್ಯುಲೇಷನ್, ಗೆಜೆಟ್ ಯಾವುದಾದರೂ ಇದ್ದರೆ ಹರಿದಿದ್ದರೂ ಇಡಿ, ಸ್ಕ್ಯಾನ್ ಮಾಡಿಸಿ. ಐಪಿಸಿ, ಸಿಆರ್‌ಪಿಸಿ ವ್ಯಾಖ್ಯಾನಗಳು ಇನ್ನೂ ಬಹಳ ವರ್ಷ ಬೇಕಾಗುತ್ತವೆ, ಕಪಾಟಿನ ಹಿಂದೆ ತಳ್ಳಬೇಡಿ.

ಬೂಷ್ಟು ತಡೆಯಲು ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಇಡಿ. ಪುಸ್ತಕಗಳನ್ನು ಒತ್ತಿ ತುಂಬಬೇಡಿ, ಗಾಳಿ ಆಡಲಿ. ನೆನೆದ ಕೊಡೆ ಒಳಗೆ ಬರದ ಹಾಗೆ ಬಾಗಿಲಲ್ಲೇ ಒಂದು ಸ್ಟ್ಯಾಂಡ್ ಹಾಕಿ. ಬೂಷ್ಟು ಹಿಡಿದ ಪುಸ್ತಕವನ್ನು ಮೊದಲು ಬೇರೆ ಇಡಿ. ಮಾಸ್ಕ್ ಹಾಕಿಕೊಂಡು, ಹೊರಗಡೆ, ಒಣ ಬ್ರಷ್‌ನಿಂದ ಉಜ್ಜಿ. ನೆರಳಲ್ಲಿ ಗಾಳಿಗೆ ಒಣಗಿಸಿ, ಬಿರುಬಿಸಿಲಿಗೆ ಇಟ್ಟರೆ ಬೈಂಡಿಂಗ್ ಬಿಟ್ಟುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಅದು ಇನ್ನೂ ಹರಡುತ್ತದೆ.